ಹಳ್ಳಿ ಹಾಡುಗಳ ಗುರು ಕೊಮಿತಾಸ್

ಅರ್ಮೇನಿಯಾದ ಜನಪದ ಸಂಗೀತ ಇಂದು ಉಳಿದಿದ್ದರೆ ಅದರಲ್ಲಿ ದೊಡ್ಡ ಪಾಲು ಅಲ್ಲಿನ ಅಪೊಸ್ತಲಿಕ ಧರ್ಮಸಭೆಯ ಗುರು ಕೊಮಿತಾಸ್‌ರದು. 1869ರಲ್ಲಿ ಇಂದಿನ ಟರ್ಕಿಯ ಕುತಾಹ್ಯದಲ್ಲಿ ಜನಿಸಿದ ಇವರು ಬಾಲ್ಯದಲ್ಲೇ ತಂದೆತಾಯಿಯನ್ನು ಕಳೆದುಕೊಂಡರು. 1881ರಲ್ಲಿ ಎಚ್ಮಿಯಾಡ್ಜಿನ್‌ನ ಗುರುಮಠ ಸೇರಿದಾಗ ಅರ್ಮೇನಿಯನ್ ಭಾಷೆಯೇ ಬರುತ್ತಿರಲಿಲ್ಲ; ಇಂಪಾದ ಕಂಠವೊಂದೇ ಆಸ್ತಿ. ಗುರುದೀಕ್ಷೆಯ ಬಳಿಕ ಬರ್ಲಿನ್‌ನಲ್ಲಿ ಸಂಗೀತ ಕಲಿತರು. ಹಳ್ಳಿಹಳ್ಳಿ ಸುತ್ತಿ ಉಳುಮೆಯ, ಮದುವೆಯ, ಜೋಗುಳದ ಹಾಡುಗಳನ್ನು ಸಾವಿರಾರು ಸಂಖ್ಯೆಯಲ್ಲಿ ಸ್ವರಲಿಪಿಯಲ್ಲಿ ಬರೆದುಕೊಂಡರು. ಗುರುಗಳಿಗೇಕೆ ಪ್ರೇಮಗೀತೆ ಎಂದು ಸಭೆಯೊಳಗೇ ಕೆಲವರು ಮುನಿಸಿಕೊಂಡದ್ದೂ ಉಂಟು.

1915ರ ಏಪ್ರಿಲ್ 24ರಂದು ಕಾನ್‌ಸ್ಟಾಂಟಿನೋಪಲ್‌ನಲ್ಲಿ ಬಂಧಿತರಾಗಿ ಗಡೀಪಾರಾದರು. ಜೀವಸಹಿತ ಮರಳಿದರೂ ಮನಸ್ಸು ಚೇತರಿಸಲಿಲ್ಲ. ಬರೆದಿಟ್ಟ ಹಾಳೆಗಳಲ್ಲಿ ಬಹುಪಾಲು ಕಳೆದುಹೋದವು. ಆ ಹಾಡು ಹಾಡಿದ ಎಷ್ಟೋ ಹಳ್ಳಿಗಳೂ ಉಳಿಯಲಿಲ್ಲ. ಸುಮಾರು 20 ವರ್ಷ ಆಸ್ಪತ್ರೆಗಳಲ್ಲೇ ಕಳೆದು 1935ರಲ್ಲಿ ಪ್ಯಾರಿಸ್ ಬಳಿ ನಿಧನರಾದರು. ಮರುವರ್ಷ ಅವರ ಪಾರ್ಥಿವ ಶರೀರವನ್ನು ಯೆರೆವಾನ್‌ಗೆ ತಂದು ಸಮಾಧಿ ಮಾಡಲಾಯಿತು.