ಹಸುರನ್ನು ಓದಿಸಿದ ಗುರು: ಡಾ. ಬಿ. ಜಿ. ಎಲ್. ಸ್ವಾಮಿ

ಶಾಸ್ತ್ರವು ಕಠಿನ, ಕಾವ್ಯವು ಕೋಮಲ. ಇವೆರಡೂ ಒಂದೆಡೆ ನಿಲ್ಲಲಾರವೆಂಬ ಭಾವನೆ ನಮ್ಮ ವಿದ್ಯಾವಂತರಲ್ಲಿ ಬಹುಕಾಲದಿಂದ ಬೇರೂರಿದೆ. ಈ ಭ್ರಾಂತಿಯನ್ನು ತಮ್ಮ ಬದುಕಿನಿಂದಲೇ ನೀಗಿದ ಮಹನೀಯರು ಡಾ. ಬಿ. ಜಿ. ಎಲ್. ಸ್ವಾಮಿಯವರು.

1918ರಲ್ಲಿ ಜನಿಸಿದ ಸ್ವಾಮಿಯವರು ಕನ್ನಡದ ಹಿರಿಯ ಚಿಂತಕ ಡಿ. ವಿ. ಗುಂಡಪ್ಪನವರ ಸುಪುತ್ರರು. ಎಳವೆಯಲ್ಲಿಯೇ ಮಾತೃವಿಯೋಗವಾಯಿತು. ಮನೆಯೇ ಸಾಹಿತ್ಯದ ನೆಲೆಯಾಗಿದ್ದರೂ ಅವರು ಆರಿಸಿಕೊಂಡದ್ದು ಸಸ್ಯಶಾಸ್ತ್ರವನ್ನು. ಆರ್ಕಿಡ್ ಜಾತಿಯ ಸಸ್ಯಗಳಲ್ಲಿ ಭ್ರೂಣವು ಬೆಳೆಯುವ ಬಗೆಯನ್ನು ಅಭ್ಯಸಿಸಿ ಖ್ಯಾತರಾದರು. ಅನಂತರ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಆಚಾರ್ಯ ಇರ್ವಿಂಗ್ ಬೈಲಿಯವರೊಡನೆ ಸಂಶೋಧನೆ ನಡೆಸಿದರು. ಹೂವಿನೊಳಗೆ ಬೀಜವನ್ನು ಹೊರುವ ಅಂಗವು ಮೂಲತಃ ನಡುವೆ ಮಡಿಚಿದ ಎಲೆಯಂಥದೆಂಬ ವಿಚಾರವನ್ನು ಗುರುಶಿಷ್ಯರು 1951ರಲ್ಲಿ ಸವಿವರವಾಗಿ ಪ್ರತಿಪಾದಿಸಿದರು. ಸ್ವಾಮಿಯವರು ಒಂದು ಸಸ್ಯಕ್ಕೆ ಸರ್ಕಾಂಡ್ರ ಇರ್ವಿಂಗ್‌ಬೈಲಿಯೈ ಎಂದು ನಾಮಕರಣ ಮಾಡಿದುದು ಆ ಗುರುವಿಗೆ ಸಲ್ಲಿಸಿದ ಶಾಶ್ವತ ಕಾಣಿಕೆ.

ಸ್ವದೇಶಕ್ಕೆ ಮರಳಿದ ಮೇಲೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿಯೂ ಮುಂದೆ ಪ್ರಾಂಶುಪಾಲರಾಗಿಯೂ ದೀರ್ಘಕಾಲ ಸೇವೆ ಸಲ್ಲಿಸಿದರು. ಪ್ರಯೋಗಶಾಲೆಯ ಗಾಜಿನಡಿಯಲ್ಲಿ ಕಾಣುವುದು ಸಸ್ಯದ ಒಂದು ತುಣುಕು ಮಾತ್ರ. ಅದು ಯಾವ ಮಣ್ಣಿನಲ್ಲಿ ನಿಂತಿದೆ, ಯಾವ ಮರವನ್ನು ತಬ್ಬಿದೆ, ಯಾವ ಕೀಟವನ್ನು ಕರೆಯುತ್ತಿದೆ ಎಂಬುದನ್ನು ಅರಿಯಬೇಕಾದರೆ ಕಾಡಿಗೇ ಹೋಗಬೇಕು. ಸ್ವಾಮಿಯವರು ಶಿಷ್ಯರನ್ನು ಕರೆದುಕೊಂಡು ಬೆಟ್ಟಗಾಡುಗಳನ್ನು ಸುತ್ತಿದರು.

ಆ ಸಂಚಾರಗಳ ಸಾರವೇ ‘ಹಸುರು ಹೊನ್ನು’. ಅದು ಪಠ್ಯಪುಸ್ತಕವಲ್ಲ, ಆದರೆ ಅನೇಕ ಪಠ್ಯಪುಸ್ತಕಗಳು ಕಲಿಸಲಾರದುದನ್ನು ಕಲಿಸುತ್ತದೆ. ವಿದ್ಯಾರ್ಥಿಗಳ ತುಂಟತನ, ದಾರಿಯ ಪಾಡು, ಊಟದ ಫಜೀತಿ, ಇವುಗಳ ನಡುನಡುವೆ ಒಂದೊಂದು ಗಿಡವೂ ಕಥಾಪಾತ್ರದಂತೆ ಪ್ರವೇಶಿಸುತ್ತದೆ. ಅದರ ಎಲೆ, ಹೂವು, ಹೆಸರಿನ ಹಿನ್ನೆಲೆ, ಉಪಯೋಗ ಎಲ್ಲವೂ ನಗುವಿನೊಡನೆ ಮನಸ್ಸಿನಲ್ಲಿ ನಾಟುತ್ತವೆ. ವಿನೋದಕ್ಕಾಗಿ ಸತ್ಯವನ್ನು ಸಡಿಲಿಸಲಿಲ್ಲ, ಸತ್ಯದ ನೆಪದಿಂದ ಭಾಷೆಯನ್ನು ಒಣಗಿಸಲಿಲ್ಲ. ಈ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ತಂದೆಯವರು ಅದೇ ಗೌರವಕ್ಕೆ 1967ರಲ್ಲಿ ಪಾತ್ರರಾಗಿದ್ದರು. ನಾವು ದಿನವೂ ಉಣ್ಣುವ ಆಲೂಗೆಡ್ಡೆ, ಮೆಣಸಿನಕಾಯಿಗಳಂಥವು ಅಮೆರಿಕ ಖಂಡದಿಂದ ಬಂದ ಕಥೆಯನ್ನು ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೇರಿಕಾ’ ಎಂಬ ಗ್ರಂಥದಲ್ಲಿ ಹೇಳಿದರು.

ಆಂಗ್ಲಭಾಷೆಯ ಪ್ರಬಂಧಗಳಿಂದಲೇ ಅವರ ಕೀರ್ತಿ ಜಗತ್ತಿನ ವಿದ್ವಾಂಸರಲ್ಲಿ ನಿಲ್ಲುತ್ತಿತ್ತು. ಅಷ್ಟಕ್ಕೇ ತೃಪ್ತರಾಗಿದ್ದರೆ ಅವರಿಗೆ ನಷ್ಟವಿರಲಿಲ್ಲ. ನಷ್ಟ ಕನ್ನಡದ ಮಕ್ಕಳಿಗೆ. ತಾಯ್ನುಡಿಯಲ್ಲಿ ಹೇಳಲಾಗದ ಅರಿವು ಪರೀಕ್ಷೆ ಮುಗಿದೊಡನೆ ಪರದೇಶಿಯಾಗುತ್ತದೆ. 1980ರಲ್ಲಿ, ಅರುವತ್ತೆರಡರ ವಯಸ್ಸಿನಲ್ಲಿ, ಅವರು ಕಾಲವಶರಾದರು. ಬರೆಯಬೇಕಾದುದು ಇನ್ನೂ ಬಹಳವಿತ್ತೆಂಬ ಕೊರಗು ಓದುಗರಲ್ಲಿ ಉಳಿಯಿತು.

ಅವರ ಮಾರ್ಗವನ್ನು ಹಿಡಿಯಲು ಅಧ್ಯಾಪಕರಿಗೆ ಮಹಾರಣ್ಯವೇ ಬೇಕಿಲ್ಲ. ಶಾಲೆಯ ಬೇಲಿಯ ಮಗ್ಗುಲಲ್ಲಿ ಒಂದು ಎಕ್ಕದ ಗಿಡವಿದ್ದರೆ ಸಾಕು. ಮಕ್ಕಳನ್ನು ಅದರ ಮುಂದೆ ಒಂದು ಗಳಿಗೆ ನಿಲ್ಲಿಸಿ, ಕಂಡುದನ್ನು ಕಂಡಂತೆ, ಸ್ವಂತ ಮಾತಿನಲ್ಲಿ ಬರೆಯಿಸೋಣ. ಆ ವಾಕ್ಯಗಳು ತಪ್ಪೊಪ್ಪುಗಳಿಂದ ಕೂಡಿದ್ದರೂ ಕಣ್ಣು ಮಕ್ಕಳದೇ, ನುಡಿ ಮಕ್ಕಳದೇ. ವಿದ್ಯೆಯ ಬೇರು ಇಳಿಯುವುದು ಅಲ್ಲಿಯೇ.