ಬಯೋಸ್ ಎಂಬ ಹೆಸರಿಟ್ಟವರು ಯಾರು? ಗ್ಯಾರಿ ಕಿಲ್ಡಾಲ್ ಮತ್ತು ವಿಮಾನದ ಕಟ್ಟುಕಥೆ

ಬಂಗಾರಪೇಟೆಯ ರಿಪೇರಿ ಅಂಗಡಿಯಾಗಲಿ, ಕೆಜಿಎಫ್‌ನ ಕಾಲೇಜು ಲ್ಯಾಬ್ ಆಗಲಿ, ವಿಂಡೋಸ್ ಕೆಟ್ಟುಹೋದ ಕಂಪ್ಯೂಟರಿನಲ್ಲಿ ಮೊದಲು ತೆರೆಯುವುದು ಬಯೋಸ್. ಇದು ವಿಂಡೋಸ್‌ನದೇ ಭಾಗ ಎಂದು ಹಲವರು ತಿಳಿದಿದ್ದಾರೆ. ಅಲ್ಲ. ಈ ಹೆಸರು ಕೊಟ್ಟವರು ಅಮೆರಿಕದ ಗ್ಯಾರಿ ಕಿಲ್ಡಾಲ್.

1942ರಲ್ಲಿ ಸಿಯಾಟಲ್‌ನಲ್ಲಿ ಹುಟ್ಟಿದ ಕಿಲ್ಡಾಲ್, ಮಾಂಟೆರೆಯ ನೌಕಾಪಡೆ ಸ್ನಾತಕೋತ್ತರ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. 1974ರಲ್ಲಿ ಸಿಪಿ/ಎಂ ಎಂಬ ಆಪರೇಟಿಂಗ್ ಸಿಸ್ಟಂ ಬರೆದರು. ಆಗ ಒಂದೊಂದು ಕಂಪನಿಯ ಯಂತ್ರವೂ ಒಂದೊಂದು ಬಗೆ. ಹಾಗಾಗಿ ಕೀಬೋರ್ಡ್, ಪರದೆ, ಡಿಸ್ಕ್‌ಗಳ ಜೊತೆ ವ್ಯವಹರಿಸುವ ಭಾಗವನ್ನು ಅವರು ಬೇರ್ಪಡಿಸಿ ಬಯೋಸ್ ಎಂದು ಕರೆದರು. ಹೊಸ ಯಂತ್ರಕ್ಕೆ ಅದೊಂದನ್ನೇ ಬದಲಿಸಿದರೆ ಸಾಕು. 1981ರ ಐಬಿಎಂ ಪಿಸಿಯಲ್ಲಿ ಇದೇ ಹೆಸರಿನ ತಂತ್ರಾಂಶ ಮದರ್‌ಬೋರ್ಡ್‌ನ ಚಿಪ್ ಸೇರಿತು.

ಐಬಿಎಂನವರು ಬಂದಾಗ ಕಿಲ್ಡಾಲ್ ಮೋಜಿಗಾಗಿ ವಿಮಾನ ಹಾರಿಸುತ್ತಿದ್ದರು, ಅದಕ್ಕೇ ಅವಕಾಶ ಮೈಕ್ರೋಸಾಫ್ಟ್ ಪಾಲಾಯಿತು ಎಂಬ ಕಥೆಯಿದೆ. ನಿಜವೇನು? 1980ರ ಆ ದಿನ ಅವರು ತಮ್ಮ ವಿಮಾನದಲ್ಲಿ ಹೋಗಿದ್ದು ಗ್ರಾಹಕರ ಭೇಟಿಗೆ. ಕಂಪನಿಯ ವ್ಯವಹಾರ ನೋಡಿಕೊಳ್ಳುತ್ತಿದ್ದ ಪತ್ನಿ ಡೊರೊಥಿ, ಐಬಿಎಂ ತಂದ ಗೋಪ್ಯತಾ ಒಪ್ಪಂದಕ್ಕೆ ತಕ್ಷಣ ಸಹಿ ಹಾಕಲಿಲ್ಲ. ಮೈಕ್ರೋಸಾಫ್ಟ್ ಸಿಪಿ/ಎಂ ಮಾದರಿಯಲ್ಲೇ ಇದ್ದ ಇನ್ನೊಂದು ತಂತ್ರಾಂಶವನ್ನು ಕೊಂಡು ಐಬಿಎಂಗೆ ಕೊಟ್ಟಿತು. ಐಬಿಎಂ ಮುಂದೆ ಎರಡನ್ನೂ ಮಾರಿತು: ಡಾಸ್‌ಗೆ 40 ಡಾಲರ್, ಸಿಪಿ/ಎಂಗೆ 240. ಜನ ಯಾವುದನ್ನು ಕೊಂಡರು ಎಂದು ಹೇಳಬೇಕಿಲ್ಲ.

ಕಿಲ್ಡಾಲ್ 1991ರಲ್ಲಿ ಕಂಪನಿಯನ್ನು ನೋವೆಲ್‌ಗೆ ಮಾರಿದರು. 1994ರಲ್ಲಿ, 52ನೇ ವಯಸ್ಸಿನಲ್ಲಿ ತೀರಿಕೊಂಡರು. ಸಿಪಿ/ಎಂ ಹುಟ್ಟಿದ ಪೆಸಿಫಿಕ್ ಗ್ರೋವ್‌ನಲ್ಲಿ 2014ರಲ್ಲಿ ಅವರ ಸಾಧನೆಯ ಸ್ಮರಣಫಲಕ ಹಾಕಲಾಯಿತು.

ಇಂದಿನ ಕಂಪ್ಯೂಟರ್‌ಗಳಲ್ಲಿ ಬಯೋಸ್ ಜಾಗಕ್ಕೆ ಯುಇಎಫ್‌ಐ ಬಂದಿದೆ. ಬೂಟ್ ಮೆನುವಿನಲ್ಲಿ ಪೆನ್‌ಡ್ರೈವ್ ಕಾಣದಿದ್ದರೂ, ಯುಇಎಫ್‌ಐ ಶೆಲ್ ಇರುವ ಯಂತ್ರದಲ್ಲಿ ದಾರಿಯುಂಟು. ‘ಮ್ಯಾಪ್’ ಎಂದು ಟೈಪ್ ಮಾಡಿದರೆ ಡ್ರೈವ್‌ಗಳ ಪಟ್ಟಿ ಬರುತ್ತದೆ. ಪೆನ್‌ಡ್ರೈವ್‌ನ ಹೆಸರು, ಉದಾಹರಣೆಗೆ ‘ಎಫ್‌ಎಸ್0’, ಅದರ ಮುಂದೆ ಕೋಲನ್ ಹಾಕಿ ಎಂಟರ್ ಒತ್ತಿ. ನಂತರ ‘ಇಎಫ್‌ಐ’ ಫೋಲ್ಡರಿನೊಳಗಿನ ‘ಬೂಟ್’ ಫೋಲ್ಡರಿಗೆ ಹೋಗಿ ‘ಬೂಟ್‌ಎಕ್ಸ್64.ಇಎಫ್‌ಐ’ ಎಂದು ಕೊಟ್ಟರೆ ಇನ್‌ಸ್ಟಾಲರ್ ಶುರುವಾಗುತ್ತದೆ. ಡ್ರೈವ್ ಹೆಸರಿಗೆ ಕೋಲನ್ ಹಾಕುವ ಈ ಪದ್ಧತಿ ಸಿಪಿ/ಎಂನಲ್ಲೂ ಇತ್ತು.

ಹಾರ್ಡ್‌ಡಿಸ್ಕ್‌ನಲ್ಲಿ ಏನೂ ಇಲ್ಲದಿದ್ದರೂ ಇದು ನಡೆಯುತ್ತದೆ. ಯಂತ್ರದ ಭಾಷೆ ಬಲ್ಲ ಭಾಗ ಆಪರೇಟಿಂಗ್ ಸಿಸ್ಟಂನಿಂದ ಬೇರೆಯಾಗಿರುವುದೇ ಕಾರಣ. ಕಿಲ್ಡಾಲ್ ಮಾಡಿದ್ದೂ ಅದನ್ನೇ.