ಮೇಷ್ಟ್ರಾಗಿದ್ದ ಪ್ರಧಾನಿ: ರಾಬರ್ಟ್ ಬೋರ್ಡೆನ್

ರಾಬರ್ಟ್ ಬೋರ್ಡೆನ್ 1854ರಲ್ಲಿ ನೋವಾ ಸ್ಕೋಷಿಯಾದ ಗ್ರ್ಯಾಂಡ್ ಪ್ರೀಯಲ್ಲಿ ಹುಟ್ಟಿದರು. 14ನೇ ವಯಸ್ಸಿಗೇ ತಾವು ಓದಿದ ಶಾಲೆಯಲ್ಲಿ ಸಹಶಿಕ್ಷಕರಾದರು (ಬಿ.ಎಡ್. ಇಲ್ಲದೆಯೇ!). ಮುಂದೆ ವಕೀಲರಾಗಿ, 1911ರಲ್ಲಿ ಕೆನಡಾದ ಪ್ರಧಾನಿಯಾದರು.

ಆಗ ಲಂಡನ್ನಿನ ವಸಾಹತು ಕಚೇರಿಯ ಪತ್ರಗಳು ಗವರ್ನರ್ ಜನರಲ್ ಮೂಲಕವೇ ಕೆನಡಾ ಸರ್ಕಾರಕ್ಕೆ ಬರುತ್ತಿದ್ದವು. ಮಹಾಯುದ್ಧದಲ್ಲಿ ಬ್ರಿಟನ್ನಿಗೆ ಕೆನಡಾದ ಸೈನಿಕರು ಬೇಕಿತ್ತು, ಸಲಹೆ ಬೇಕಿರಲಿಲ್ಲ. 1916ರ ಹೊಸ ವರ್ಷಕ್ಕೆ 5 ಲಕ್ಷ ಸೈನಿಕರ ಭರವಸೆ ಕೊಟ್ಟ ಬೋರ್ಡೆನ್, ಅದೇ ವಾರ ಲಂಡನ್ನಿನಲ್ಲಿದ್ದ ತಮ್ಮ ಪ್ರತಿನಿಧಿಗೆ ಸಿಟ್ಟಿನ ಪತ್ರ ಬರೆದರು. ಇಷ್ಟು ಜನರನ್ನು ಕಳಿಸುವ ನಾಡಿಗೆ ಯುದ್ಧನೀತಿಯಲ್ಲಿ ಮಾತಿಲ್ಲವೇ ಎಂಬುದೇ ಅದರ ತಿರುಳು.

1917ರಲ್ಲಿ ಲಂಡನ್ನಿನ ಯುದ್ಧ ಸಂಪುಟಕ್ಕೆ ಕರೆ ಬಂತು. 1918ರಲ್ಲಿ ಬ್ರಿಟನ್ ಪ್ರಧಾನಿಗೆ ನೇರವಾಗಿ ಬರೆಯುವ ಹಕ್ಕೂ ಸಿಕ್ಕಿತು. ನಾನು ಒಂದು ಅಂಕದ ಪ್ರಶ್ನೆಗೆಂದು ಉರುಹೊಡೆದಿದ್ದ 1919ರ ವರ್ಸೇಲ್ಸ್ ಒಪ್ಪಂದದಲ್ಲಿ ಕೆನಡಾದ ಪ್ರತಿನಿಧಿಗಳ ಸಹಿಯೂ ಇದೆ.